ಮೂರನೆಯ ದಿನದ ಸೀನು

ಶೆಲ್ಟರ್‌ನಿಂದ ಬೆಕ್ಕು ತಂದು ಇನ್ನೂ ಹದಿನೈದು ದಿನ ತುಂಬದ ಮನೆಗಳವರಿಗೆ,



ತಂದ ದಿನ ಬೆಕ್ಕು ಬುಟ್ಟಿಯಿಂದ ಇಳಿದದ್ದೇ ಮಂಚದ ಕೆಳಗೆ ನುಗ್ಗಿತು. ಎರಡನೆಯ ರಾತ್ರಿ, ನೀವೆಲ್ಲ ಮಲಗಿದ ಮೇಲೆ, ಮೆಲ್ಲಗೆ ಹೊರಬಂದು ನೀರು ಕುಡಿಯಿತು. ಮೂರನೆಯ ದಿನವೋ ನಾಲ್ಕನೆಯ ದಿನವೋ ಮೊದಲ ಸೀನು ಕೇಳಿಸಿತು. ಮಕ್ಕಳು ಮೊಬೈಲ್ ಹಿಡಿದು ಓಡಿದರು. ಸಂಜೆಗೆ ಸೀನು ಹತ್ತಾಯಿತು, ಒಂದು ಕಣ್ಣು ಅರ್ಧ ಮುಚ್ಚಿತು, ಮೂಗಿನ ತುದಿಯಲ್ಲಿ ಸಿಂಬಳ ಕಟ್ಟಿತು. ಈಗ ಮನೆಯಲ್ಲಿ ಒಬ್ಬರು “ಕಾಯಿಲೆ ಬೆಕ್ಕನ್ನು ನಮ್ಮ ತಲೆಗೆ ಕಟ್ಟಿದ್ದಾರೆ” ಎನ್ನುತ್ತಿದ್ದಾರೆ. ಇನ್ನೊಬ್ಬರು ಮಗುವನ್ನು ಬೇರೆ ಕೋಣೆಯಲ್ಲಿ ಮಲಗಿಸಿದ್ದಾರೆ. ಬುಟ್ಟಿ ಬಾಗಿಲ ಹತ್ತಿರ ಬಂದು ಕೂತಿದೆ.

ಆ ಬುಟ್ಟಿಯನ್ನು ಮತ್ತೆ ಅಟ್ಟಕ್ಕೆ ಹಾಕಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ವೈದ್ಯಳಲ್ಲ. ಐದು ವರ್ಷದ ಹಿಂದೆ ಬೆಂಗಳೂರಿನ ಒಂದು ಶೆಲ್ಟರ್‌ನಿಂದ ಸಾಸಿವೆಯನ್ನು ಮನೆಗೆ ತಂದವಳು. ಕಪ್ಪು, ಕಂದು, ಅಲ್ಲಲ್ಲಿ ಹಳದಿ ಸಿಡಿದ ಮೈ. ಒಗ್ಗರಣೆ ಸೌಟಿನಲ್ಲಿ ಬಿದ್ದೆದ್ದು ಬಂದವಳ ಹಾಗಿದ್ದಳು, ಅದಕ್ಕೇ ಆ ಹೆಸರು. ಆಮೇಲೆ ಭಾನುವಾರಗಳಲ್ಲಿ ಇನ್ನೊಂದು ಶೆಲ್ಟರ್‌ಗೆ ಗೂಡು ತೊಳೆಯಲು, ತಟ್ಟೆ ತುಂಬಲು ಹೋಗತೊಡಗಿದೆ. ಅಲ್ಲಿ ನನ್ನ ಕೈಯಲ್ಲಿ ನೋಡಲಾಗದ್ದು ಒಂದೇ: ಹೋದ ವಾರ ಹೊಸ ಮನೆ ಸೇರಿದ ಬೆಕ್ಕು ಅದೇ ಬುಟ್ಟಿಯಲ್ಲಿ ವಾಪಸು ಬರುವುದು. ಕಾರಣ ಕೇಳಿದರೆ ಹೆಚ್ಚಿನ ಸಲ ಬರೀ ನೆಗಡಿ.

ಬೆಕ್ಕಿನ ಈ ನೆಗಡಿಗೆ ಬಹುಮಟ್ಟಿಗೆ ಎರಡು ವೈರಸ್‌ಗಳು ಕಾರಣ. ಒಂದು ಬೆಕ್ಕಿನ ಹರ್ಪಿಸ್, ಇನ್ನೊಂದು ಕ್ಯಾಲಿಸಿ. ಹರ್ಪಿಸ್ ಒಮ್ಮೆ ಮೈಸೇರಿದರೆ ಮುಖದ ನರದ ಬೇರಿನಲ್ಲಿ ಅಡಗಿ ಕೂತುಬಿಡುತ್ತದೆ, ಬದುಕಿರುವವರೆಗೂ ಪೂರ್ತಿ ಹೋಗುವುದಿಲ್ಲ. ಬೆಕ್ಕಿಗೆ ದಿಗಿಲಾದಾಗ, ಜಾಗ ಬದಲಾದಾಗ ಎಚ್ಚರಗೊಳ್ಳುತ್ತದೆ. ಹೊಸ ಮನೆಗೆ ಬಂದ ಒಂದು ವಾರದ ಆಚೆ ಈಚೆ ಸೀನು ಶುರುವಾಗುವುದು ಅದಕ್ಕೇ. ಶೆಲ್ಟರ್‌ನವರು ಕೊಟ್ಟ ದಿನ ಬೆಕ್ಕು ನಿಜಕ್ಕೂ ಚೆನ್ನಾಗಿಯೇ ಇದ್ದಿರಬಹುದು. ನಿಮ್ಮ ಮನೆಯ ಮಿಕ್ಸಿ ಸದ್ದು, ಕುಕ್ಕರಿನ ಸೀಟಿ, ಯಾರದೋ ಗಟ್ಟಿ ದನಿಯ ಫೋನು, ಒಂದರ ಮೇಲೊಂದು ಚಾಚುವ ಹೊಸ ಕೈಗಳು, ಇಷ್ಟು ಸಾಕು. ಇದರಲ್ಲಿ ನಿಮ್ಮ ತಪ್ಪಿಲ್ಲ, ಅವರ ಮೋಸವೂ ಇಲ್ಲ. ಮತ್ತೆ ಬುಟ್ಟಿಗೆ ತುಂಬಿ ಕಳಿಸಿದರೆ ಅದೇ ದಿಗಿಲು ಇನ್ನೊಂದು ಸಲ, ಅದೇ ವೈರಸ್ ಇನ್ನೊಂದು ಸಲ, ಈ ಬಾರಿ ಪಕ್ಕದ ಗೂಡಿನ ಮರಿಗಳಿಗೂ ಸೇರಿ.

“ಲಸಿಕೆ ಹಾಕಿಸಿದ್ದೇವೆ ಅಂದಿದ್ದರಲ್ಲ?” ಎಂದು ಕೇಳುತ್ತೀರಿ. ಹಾಕಿಸಿದ್ದಾರು. ನಮ್ಮಲ್ಲಿ ಟ್ರೈಕ್ಯಾಟ್ ಎಂದು ಕರೆಯುವ ಲಸಿಕೆ ಈ ಎರಡೂ ವೈರಸ್‌ಗಳ ಬಿರುಸನ್ನು ತಗ್ಗಿಸುತ್ತದೆ, ಸೋಂಕನ್ನೇ ತಡೆಯುವುದಿಲ್ಲ. ಅದರಲ್ಲಿರುವ ಮೂರನೆಯದೊಂದರ ಮಾತು ಬೇರೆ, ಅದಕ್ಕೆ ಮುಂದೆ ಬರುತ್ತೇನೆ. ಇನ್ನು, ಬೆಕ್ಕಿನ ಹರ್ಪಿಸ್ಸಾಗಲಿ ಕ್ಯಾಲಿಸಿಯಾಗಲಿ ಮನುಷ್ಯರಿಗೆ ಅಂಟುವುದಿಲ್ಲ. ಮಗುವನ್ನು ಅದರ ಹಾಸಿಗೆಗೇ ವಾಪಸು ಕರೆದುಕೊಳ್ಳಿ. ಮನೆಯಲ್ಲಿ ಮೊದಲೇ ಬೇರೆ ಬೆಕ್ಕಿದ್ದರೆ ಮಾತ್ರ ಎರಡು ವಾರ ಹೊಸದನ್ನು ಬೇರೆ ಕೋಣೆಯಲ್ಲಿಡಿ, ಮುಟ್ಟಿದ ಮೇಲೆ ಕೈ ತೊಳೆದುಕೊಳ್ಳಿ, ತಟ್ಟೆ ಬೇರೆ ಮಾಡಿ.

ಸೀನಿನ ಲೆಕ್ಕ ಬಿಡಿ, ತಟ್ಟೆಯ ಲೆಕ್ಕ ಇಡಿ ಎಂದು ಹೇಳಲೇ ನಾನು ಇಷ್ಟೆಲ್ಲ ಬರೆಯುತ್ತಿರುವುದು. ಸಾಸಿವೆಯ ವಿಷಯದಲ್ಲಿ ನಾನು ಎಡವಿದ್ದು ಅಲ್ಲೇ. ಅವಳು ಎಷ್ಟು ಸಲ ಸೀನಿದಳು, ಯಾವ ಕಣ್ಣಲ್ಲಿ ನೀರು ಬಂತು ಎಂದು ಮೂರು ದಿನ ಬರೆದಿಟ್ಟೆ. ಬೆಳಿಗ್ಗೆ ಹಾಕಿದ್ದ ಒಣ ಆಹಾರ ರಾತ್ರಿಯೂ ಹಾಗೇ ಇದ್ದದ್ದು ಕಣ್ಣಿಗೆ ಬಿದ್ದಿತ್ತು, ಆದರೆ ಹೊಸ ಜಾಗ, ಹೆದರಿದ್ದಾಳೆ, ಹಸಿವಾದರೆ ತಾನೇ ತಿನ್ನುತ್ತಾಳೆ ಎಂದುಕೊಂಡೆ. ನಾಯಿಯಾಗಿದ್ದರೆ ಆ ಮಾತು ಅಷ್ಟಿಷ್ಟು ಸರಿ. ಬೆಕ್ಕಿಗೆ ಅದು ಸಲ್ಲದು. ಎರಡು ಮೂರು ದಿನ ಹೊಟ್ಟೆಗೆ ಬೀಳದಿದ್ದರೆ ಅದರ ಮೈ ತನ್ನ ಕೊಬ್ಬನ್ನೇ ಕರಗಿಸಿ ಯಕೃತ್ತಿಗೆ ಕಳಿಸತೊಡಗುತ್ತದೆ. ಅಷ್ಟು ಕೊಬ್ಬನ್ನು ಅರಗಿಸಿಕೊಳ್ಳುವ ತ್ರಾಣ ಬೆಕ್ಕಿನ ಯಕೃತ್ತಿಗಿಲ್ಲ. ಅದು ಕೊಬ್ಬು ತುಂಬಿ ಊದಿಕೊಳ್ಳುತ್ತದೆ, ಕಿವಿಯ ಒಳಮೈ, ಒಸಡು ಹಳದಿಯಾಗುತ್ತವೆ. ದಪ್ಪ ಬೆಕ್ಕುಗಳಿಗೆ ಈ ಅಪಾಯ ಇನ್ನೂ ಹೆಚ್ಚು. ನೆಗಡಿಯಿಂದ ಸಾಯದ ಬೆಕ್ಕು ಉಪವಾಸದಿಂದ ಸಾಯುತ್ತದೆ.

ಆ ಬೆಕ್ಕು ಯಾಕೆ ತಿನ್ನುವುದಿಲ್ಲ ಗೊತ್ತೆ? ಮೂಗು ಕಟ್ಟಿದೆ. ಬೆಕ್ಕಿಗೆ ಊಟವೆಂದರೆ ಮೊದಲು ವಾಸನೆ, ಆಮೇಲೆ ರುಚಿ. ವಾಸನೆ ಹತ್ತದ ತಟ್ಟೆ ಅದರ ಪಾಲಿಗೆ ಖಾಲಿ ತಟ್ಟೆ. ಕ್ಯಾಲಿಸಿಯಾದರೆ ನಾಲಿಗೆಯ ಮೇಲೆ ಹುಣ್ಣೂ ಇರಬಹುದು, ತಟ್ಟೆಯವರೆಗೆ ಬಂದು, ಮೂಗು ಹತ್ತಿರ ತಂದು, ಜೊಲ್ಲು ಸುರಿಸಿ ಹಿಂದೆ ಸರಿಯುತ್ತದೆ.

ನಾಲ್ಕನೆಯ ದಿನ ನಾನು ಸಾಸಿವೆಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತೆ, ಆಮೇಲೆ ಒಬ್ಬಳೇ ನಿಂತು ಕಳೆದೆ. ಶೆಲ್ಟರ್‌ನ ಚೀಟಿಯಲ್ಲಿ 2.8 ಕಿಲೋ ಇದ್ದದ್ದು 2.5 ಆಗಿತ್ತು. ನನ್ನ ತೂಕದಲ್ಲಿ ಮುನ್ನೂರು ಗ್ರಾಂ ಲೆಕ್ಕಕ್ಕೇ ಬಾರದು. ಅವಳ ಮೈಯಲ್ಲಿ ಅದು ಹತ್ತನೆಯ ಒಂದು ಪಾಲಿಗಿಂತ ಹೆಚ್ಚು. ಅದೇ ಸಂಜೆ ಡಾಕ್ಟರರ ಹತ್ತಿರ ಓಡಿದೆ. ಅವರು ಚರ್ಮದಡಿ ಸಲೈನ್ ಕೊಟ್ಟು, ಕಣ್ಣಿಗೆ ಮುಲಾಮು, ಹತ್ತು ದಿನದ ಡಾಕ್ಸಿಸೈಕ್ಲಿನ್ ಬರೆದರು. ವೈರಸ್‌ಗೆ ಆ ಮಾತ್ರೆ ಏನೂ ಮಾಡುವುದಿಲ್ಲ, ಮೇಲಿಂದ ಸೇರಿಕೊಂಡ ಬ್ಯಾಕ್ಟೀರಿಯಾಕ್ಕೆ ಅದು. ಆ ಮಾತ್ರೆಯನ್ನು ಯಾವತ್ತೂ ಒಣಗಂಟಲಿಗೆ ಹಾಕಬೇಡಿ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲೇ ಸುಟ್ಟು ಹುಣ್ಣಾಗುತ್ತದೆ. ಹಿಂದೆಯೇ ಸಿರಿಂಜಿನಲ್ಲಿ ಐದು ಎಂಎಲ್ ನೀರೋ ಸ್ವಲ್ಪ ಆಹಾರವೋ ಹೋಗಬೇಕು.

ಮಾತ್ರೆ ಹೇಗೋ ಹೋಯಿತು, ಊಟ ಹೋಗಲಿಲ್ಲ. ನಮ್ಮದು ಮೀನು ಮಾಂಸ ಒಳಗೆ ಬಾರದ ಮನೆ. ಡಾಕ್ಟರು ಹೇಳಿದ ಮೀನಿನ ಪ್ಯಾಕೆಟ್‌ಗಳನ್ನು ತಂದು ಹಿತ್ತಲ ಬಾಗಿಲ ಹತ್ತಿರದ ಸ್ಟೂಲಿನ ಮೇಲಿಟ್ಟಿದ್ದೆ. ಅತ್ತೆ ಆ ಕಡೆಗೇ ಸುಳಿಯುತ್ತಿರಲಿಲ್ಲ. ಐದನೆಯ ದಿನ ಬೆಳಗಿನ ಜಾವ ಅಡುಗೆಮನೆಯಲ್ಲಿ ದೀಪ ಉರಿಯುವುದು ಕಂಡು ಎದ್ದು ಬಂದೆ. ಅತ್ತೆ ಸೆರಗನ್ನು ಮೂಗಿಗೆ ಒತ್ತಿಕೊಂಡು, ಬಿಸಿನೀರು ತುಂಬಿದ ಬಟ್ಟಲಿನಲ್ಲಿ ಪ್ಯಾಕೆಟ್ ಇಟ್ಟು ಬೆಚ್ಚಗೆ ಮಾಡುತ್ತಿದ್ದರು. ಬೆಚ್ಚಗಾದರೆ ವಾಸನೆ ಏಳುತ್ತದೆ, ಕಟ್ಟಿದ ಮೂಗಿಗೂ ತಾಗುತ್ತದೆ ಎಂದು ಡಾಕ್ಟರು ನನಗೆ ಹೇಳಿದ್ದನ್ನು ಅವರು ಕೇಳಿಸಿಕೊಂಡಿದ್ದರು. ಬೆರಳ ತುದಿಯಲ್ಲಿ ಒಂದಿಷ್ಟು ತೆಗೆದು ಸಾಸಿವೆಯ ಮೇಲ್ದುಟಿಗೆ ಸವರಿದರು. ಅವಳು ನೆಕ್ಕಿದಳು. ಇನ್ನೊಂದಿಷ್ಟು ಸವರಿದರು, ಅದನ್ನೂ ನೆಕ್ಕಿದಳು. ಮೂರನೆಯ ಸಲ ಬೆರಳು ಚಾಚುವ ಮೊದಲೇ ತಾನಾಗಿ ತಟ್ಟೆಗೆ ಬಾಯಿ ಹಾಕಿದಳು. ಅತ್ತೆ ಮೂಗಿನಿಂದ ಸೆರಗು ತೆಗೆದಿದ್ದರು. ಅವರಿಗೂ ಗೊತ್ತಾಗಿರಲಿಲ್ಲ.

ಆದ್ದರಿಂದ ದೊಡ್ಡ ಬೆಕ್ಕು ಒಂದು ಇಡೀ ದಿನ ಏನೂ ಮುಟ್ಟದಿದ್ದರೆ ಡಾಕ್ಟರಿಗೆ ಫೋನು ಹೋಗಲಿ. ಮರಿಯಾದರೆ ಅರ್ಧ ದಿನವೂ ಕಾಯಬೇಡಿ. ಮಿಕ್ಕಂತೆ ಮನೆಯಲ್ಲಿ ಮಾಡುವುದು ಕಡಿಮೆಯೇ. ಕುದಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ ಕಣ್ಣು ಮೂಗು ಒರೆಸಿ. ಬಚ್ಚಲಲ್ಲಿ ಬಿಸಿನೀರು ಬಿಟ್ಟು, ಬಾಗಿಲು ಹಾಕಿ, ಆ ಹಬೆಯಲ್ಲಿ ಬೆಕ್ಕಿನ ಜೊತೆ ಹತ್ತು ನಿಮಿಷ ಕೂತುಕೊಳ್ಳಿ. ಮತ್ತೆ ಒಂದು ರಟ್ಟಿನ ಪೆಟ್ಟಿಗೆ ಕೊಡಿ, ಒಳಗೆ ಹಳೆ ಸೀರೆ ಹಾಸಿ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ನೆದರ್ಲೆಂಡ್ಸ್‌ನ ಶೆಲ್ಟರೊಂದರಲ್ಲಿ ಹೊಸದಾಗಿ ಬಂದ ಬೆಕ್ಕುಗಳನ್ನು ಹೀಗೆ ನೋಡಿದ್ದರು: ಅಡಗಲು ಪೆಟ್ಟಿಗೆ ಸಿಕ್ಕವು ಸಿಗದವಕ್ಕಿಂತ ಬೇಗ ಹೆದರಿಕೆ ಬಿಟ್ಟವು. ಮಂಚದಡಿಯಿಂದ ಎಳೆದು ತಂದು ಮುದ್ದು ಮಾಡಿದರೆ ಹೊಂದಿಕೊಳ್ಳುತ್ತದೆ ಎಂಬುದು ನಮ್ಮ ಆಸೆ ಅಷ್ಟೆ.

ಮಾಡಬಾರದ್ದನ್ನು ಇನ್ನೂ ಒತ್ತಿ ಹೇಳಬೇಕು. ಸಾಸಿವೆಯ ಮೈ ಸುಡುತ್ತಿದ್ದಾಗ ಔಷಧಿ ಅಂಗಡಿಯವರೊಬ್ಬರು “ಮಕ್ಕಳ ಜ್ವರದ ಸಿರಪ್ಪೇ ಕೊಡಿ ಮೇಡಂ, ನಾಲ್ಕು ಹನಿ” ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು, ನಾನು ದುಡ್ಡು ಕೊಟ್ಟು ತಂದೂ ಇದ್ದೆ. ಕೊಡುವ ಮುಂಚೆ ಯಾಕೋ ಡಾಕ್ಟರನ್ನು ಕೇಳಿದೆ, ಅವರು ಫೋನಿನಲ್ಲೇ ಕೂಗಿದರು. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ನಮ್ಮ ಯಕೃತ್ತಿನಲ್ಲಿ ಅದನ್ನು ಕರಗಿಸಿ ಹೊರಹಾಕುವ ಕಿಣ್ವ ಬೆಕ್ಕಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ನಾವು ತಲೆನೋವಿಗೆ ನುಂಗುವ ಒಂದೇ ಮಾತ್ರೆ ಬೆಕ್ಕೊಂದನ್ನು ಕೊಲ್ಲಬಲ್ಲದು. ರಕ್ತ ಆಮ್ಲಜನಕ ಹೊರಲಾರದೆ ಒಸಡು ಕಂದಾಗುತ್ತದೆ, ಮುಖ ಊದುತ್ತದೆ. ಡಾಕ್ಟರು ಬರೆದುಕೊಡದ ಮನುಷ್ಯರ ಮಾತ್ರೆ ಯಾವುದೂ ಬೇಡ. ಕರ್ಪೂರದ ಮುಲಾಮು, ನೀಲಗಿರಿ ಎಣ್ಣೆ ಬೇಡ. ನೆಲ ಒರೆಸುವ ಫಿನಾಯಿಲ್ ಕೂಡ ಬೇಡ, ಬೆಕ್ಕು ಅಂಗಾಲಿಗೆ ಹತ್ತಿದ್ದನ್ನು ನೆಕ್ಕಿಕೊಳ್ಳುತ್ತದೆ.

ಈಗ ಆ ಮೂರನೆಯದರ ಮಾತು. ಪ್ಯಾನ್‌ಲ್ಯೂಕೋಪೀನಿಯಾ, ಶೆಲ್ಟರ್‌ಗಳಲ್ಲಿ ಎಫ್‌ಪಿವಿ ಎನ್ನುತ್ತಾರೆ. 2025ರ ಫೆಬ್ರವರಿಯಲ್ಲಿ ರಾಯಚೂರಿನ ಕಡೆ ಇದು ಬೆಕ್ಕುಗಳಲ್ಲಿ ಹಬ್ಬಿದ ಸುದ್ದಿಯನ್ನು ನೀವು ಪತ್ರಿಕೆಯಲ್ಲಿ ಓದಿರಬಹುದು. ಇದಕ್ಕೆ ಸೀನಿಲ್ಲ, ನೆಗಡಿಯಿಲ್ಲ. ನಿನ್ನೆ ಆಡುತ್ತಿದ್ದ ಮರಿ ಇವತ್ತು ನೀರಿನ ಬಟ್ಟಲಿನ ಮೇಲೆ ತಲೆ ಜೋತುಹಾಕಿ ಕೂತಿರುತ್ತದೆ, ಕುಡಿಯುವುದಿಲ್ಲ. ವಾಂತಿ, ಜ್ವರ, ಆಮೇಲೆ ಭೇದಿ. ಬಿಳಿ ರಕ್ತಕಣಗಳು ಕುಸಿದುಹೋಗುತ್ತವೆ. ಹೀಗೆ ಕಂಡರೆ ರಾತ್ರಿ ಎರಡು ಗಂಟೆಯಾದರೂ ಹೊರಡಿ, ಬೆಳಗಾಗಲಿ ಎನ್ನಬೇಡಿ. ಸರಿಯಾದ ಹೊತ್ತಿಗೆ ಡ್ರಿಪ್ ಸಿಕ್ಕಿದ ಮರಿಗಳು ಬದುಕಿದ್ದನ್ನು ಕಂಡಿದ್ದೇನೆ, ಬೆಳಗಿಗೆ ಕಾದ ಮರಿಗಳನ್ನು ಹೂತದ್ದನ್ನೂ.

ನಮ್ಮ ಬೀದಿಯ ಒಂದು ಮನೆಯಲ್ಲಿ ಹೀಗೆ ಒಂದು ಮರಿ ಹೋಯಿತು. ಅಳುವ ಮಗಳನ್ನು ಸಮಾಧಾನ ಮಾಡಲು ಅಪ್ಪ ಹದಿನೈದು ದಿನದಲ್ಲಿ ಇನ್ನೊಂದು ಮರಿ ತಂದರು. ಅದೇ ಹಾಸಿಗೆ, ಅದೇ ತಟ್ಟೆ. ಅದೂ ಹೋಯಿತು. ಆ ವೈರಸ್ ಮನೆಯೊಳಗೆ ಒಂದು ವರ್ಷದವರೆಗೆ ಜೀವ ಹಿಡಿದಿರಬಲ್ಲದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಸ್ಪಿರಿಟ್, ಸಾಬೂನು ಅದಕ್ಕೆ ನಾಟುವುದಿಲ್ಲ. ಒಂದು ಪಾಲು ಬ್ಲೀಚಿಗೆ 32 ಪಾಲು ನೀರು ಬೆರೆಸಿ, ಮೊದಲು ಕೊಳೆ ತೊಳೆದ ನೆಲದ ಮೇಲೆ ಹತ್ತು ನಿಮಿಷ ಒದ್ದೆಯಾಗಿ ಬಿಡಬೇಕು, ಆಮೇಲೆ ನೀರಿನಿಂದ ತೊಳೆಯಬೇಕು. ಬಟ್ಟೆ, ಹಾಸಿಗೆ ಎಸೆಯಬೇಕು. ಹೊಸ ಬೆಕ್ಕು ತರುವುದಿದ್ದರೆ ಲಸಿಕೆ ಪೂರ್ತಿಯಾದ ದೊಡ್ಡ ಬೆಕ್ಕನ್ನೇ ತರಬೇಕು. ಈ ಕಾಯಿಲೆಯ ಮಟ್ಟಿಗೆ ಲಸಿಕೆ ಗಟ್ಟಿ ರಕ್ಷೆ. ಮರಿಗಳಿಗೆ ಆರೆಂಟು ವಾರದಿಂದ ಶುರುಮಾಡಿ ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೆ ಕೊಡಿಸಬೇಕು. ತಾಯಹಾಲಿನ ರಕ್ಷೆ ಮೊದಲ ಡೋಸುಗಳನ್ನು ನುಂಗಿಬಿಡುವುದರಿಂದ ಕೊನೆಯ ಡೋಸು ತಪ್ಪಿಸಲೇಬಾರದು.

ನಿಮ್ಮ ಆರೋಗ್ಯದ ಮಾತಿಗೆ ಬರುತ್ತೇನೆ. ಬೆಕ್ಕು ವಾಪಸು ಬರುವ ಇನ್ನೊಂದು ಕಾರಣ ಬಸಿರು. ಹೋದ ಚಳಿಗಾಲದಲ್ಲಿ ಒಬ್ಬ ಹುಡುಗಿ, ಐದು ತಿಂಗಳು ತುಂಬಿತ್ತು, ತಾನೇ ಬುಟ್ಟಿ ಹಿಡಿದು ಬಂದಳು. ಮನೆಯಲ್ಲಿ ಹಿರಿಯರೆಲ್ಲ ಹೇಳಿ ಹೇಳಿ ಅವಳ ಬಾಯಿ ಕಟ್ಟಿದ್ದರು. ಬುಟ್ಟಿ ಕೆಳಗಿಟ್ಟು, ಬೆಕ್ಕು ಯಾವ ಕಡೆ ಮಲಗಲು ಇಷ್ಟಪಡುತ್ತದೆ ಎಂದು ಹೇಳುತ್ತಾ ಅತ್ತಳು. ಅವಳಿಗೆ ಅಂದು ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಟಾಕ್ಸೋಪ್ಲಾಸ್ಮಾ ನಿಜವಾದ ಅಪಾಯ. ಬಸಿರಿನಲ್ಲಿ ಮೊದಲ ಬಾರಿಗೆ ಸೋಂಕು ತಗಲಿದರೆ ಮಗುವಿಗೆ ತೊಂದರೆಯಾಗಬಹುದು. ಆದರೆ ಬೆಕ್ಕಿನ ಕೂದಲಿನಿಂದ, ಅದನ್ನು ಮಡಿಲಲ್ಲಿಟ್ಟುಕೊಳ್ಳುವುದರಿಂದ ಅದು ಬರುವುದಿಲ್ಲ. ಬೆಕ್ಕು ಸಾಮಾನ್ಯವಾಗಿ ಮೊದಲ ಸಲ ಸೋಂಕಾದಾಗ ಮಾತ್ರ, ಒಂದೆರಡು ವಾರ, ಮಲದಲ್ಲಿ ಅದರ ಮೊಟ್ಟೆಯಂಥ ಕಣಗಳನ್ನು ಹೊರಹಾಕುತ್ತದೆ. ಆ ಕಣಗಳು ಹೊರಬಿದ್ದು ಕನಿಷ್ಠ ಒಂದು ದಿನ ಕಳೆಯದೆ ಯಾರಿಗೂ ಅಂಟಲಾರವು. ದಿನಾ ಮರಳಿನ ತಟ್ಟೆ ಬಳಿದರೆ, ಆ ಕೆಲಸ ಗಂಡ ಮಾಡಿದರೆ, ಅರ್ಧಕ್ಕರ್ಧ ಭಯ ಹೋಯಿತು. ಅರೆಬೆಂದ ಮಾಂಸ, ತೊಳೆಯದ ಸೊಪ್ಪು, ಕೈತೋಟದ ಮಣ್ಣು, ಇವುಗಳಿಂದಲೂ ಅದು ಬರುತ್ತದೆ. ಆದರೂ ಯಾವ ಹಿರಿಯರೂ ಬಸುರಿಗೆ ಕೊತ್ತಂಬರಿ ಸೊಪ್ಪು ಮನೆಯಿಂದ ಹೊರಹಾಕು ಎಂದದ್ದು ನಾನು ಕೇಳಿಲ್ಲ. ಅವಳು ಹೆರಿಗೆ ಡಾಕ್ಟರ ಹತ್ತಿರ ರಕ್ತಪರೀಕ್ಷೆಯ ಮಾತಾಡಿದಳು. ಬೆಕ್ಕು ಅವಳ ಮನೆಯಲ್ಲೇ ಉಳಿಯಿತು.

ಗಜಕರ್ಣ ಮಾತ್ರ ಖಂಡಿತ ಅಂಟುತ್ತದೆ. ಮರಿಯ ಕಿವಿಯ ಹಿಂದೆ ಕೂದಲು ಉದುರಿ ಬಿಲ್ಲೆಯಷ್ಟು ಬೋಳಾಗಿದ್ದರೆ, ಎರಡು ವಾರದಲ್ಲಿ ನಿಮ್ಮ ಮೊಣಕೈ ಮೇಲೆ ಕೆಂಪು ಬಳೆ ಮೂಡಬಹುದು. ಅದು ಹುಳುವಲ್ಲ, ಬೂಷ್ಟು. ವಾಸಿಯಾಗುತ್ತದೆ, ತಿಂಗಳುಗಟ್ಟಲೆ ಹಿಡಿಯುತ್ತದೆ. ಅಂಗಡಿಯಲ್ಲಿ ಕೇಳಿ ತರುವ ಸ್ಟೆರಾಯ್ಡ್ ಬೆರೆತ ಕ್ರೀಮು ಹಚ್ಚಿದರೆ ಮೇಲೆ ಮಾಯವಾದಂತೆ ಕಂಡು ಒಳಗೆ ಹರಡುತ್ತದೆ. ಚರ್ಮದ ಡಾಕ್ಟರಿಗೆ ತೋರಿಸಿ, ಬೆಕ್ಕಿದೆ ಎಂದು ಹೇಳಿ.

ಉಬ್ಬಸದ ಭಯಕ್ಕೂ ಬುಡವಿಲ್ಲದೇ ಇಲ್ಲ. ಬೆಕ್ಕಿನ ಜೊಲ್ಲು, ಚರ್ಮದ ಗ್ರಂಥಿಗಳಿಂದ ಬರುವ ಒಂದು ಪ್ರೋಟೀನು ಕೆಲವರಿಗೆ ಆಗಿಬರುವುದಿಲ್ಲ. ಉಬ್ಬಸ ಏಳುವುದು ಅದರಿಂದ, ಹೊಟ್ಟೆಗೆ ಹೋದ ಕೂದಲಿನಿಂದಲ್ಲ. ಮನೆಯಲ್ಲಿ ಉಬ್ಬಸ ಇರುವವರಿದ್ದರೆ ತರುವ ಮೊದಲೇ ಎರಡು ಮೂರು ಸಲ ಶೆಲ್ಟರಿನಲ್ಲಿ ಗಂಟೆಗಟ್ಟಲೆ ಕೂತು ನೋಡುವುದು ಒಳ್ಳೆಯದು. ಇನ್ನು, ಬೆಕ್ಕು ಕಚ್ಚಿದರೆ, ಪರಚಿದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ. ರೇಬಿಸ್ ವಿಷಯದಲ್ಲಿ “ಮನೆ ಬೆಕ್ಕು ತಾನೆ” ಎನ್ನುವ ಸಲಿಗೆ ಬೇಡ.

ಊಟದ ಬಗ್ಗೆ ಇನ್ನೊಂದು ಮಾತು, ನಮ್ಮಂಥ ಮನೆಗಳವರಿಗೇ. ಹಾಲು ಅನ್ನ, ಮೊಸರನ್ನ ತಿಂದೇ ನಮ್ಮಜ್ಜಿಯ ಬೆಕ್ಕು ಬದುಕಿತ್ತು ಎನ್ನುತ್ತೀರಿ. ಅಜ್ಜಿಯ ಬೆಕ್ಕು ಕಣಜದ ಇಲಿ ಹಿಡಿಯುತ್ತಿತ್ತು. ಮೂರನೆಯ ಮಹಡಿಯ ನಿಮ್ಮ ಬೆಕ್ಕಿಗೆ ಇಲಿ ಎಲ್ಲಿ ಸಿಗಬೇಕು? ಮಾಂಸದಲ್ಲಿರುವ ಟಾರೀನ್ ಸಿಗದಿದ್ದರೆ ಬೆಕ್ಕಿನ ಕಣ್ಣಿನ ಪರದೆ ಸವೆದು ಕುರುಡಾಗುತ್ತದೆ, ಹೃದಯ ಸಡಿಲಗೊಂಡು ಹಿಗ್ಗುತ್ತದೆ. ಹೃದಯದ ಈ ನಂಟನ್ನು 1987ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಪಾಲ್ ಪಿಯಾನ್ ಮತ್ತು ಜೊತೆಗಾರರು ತೋರಿಸಿಕೊಟ್ಟ ಮೇಲೆ ಬೆಕ್ಕಿನ ಆಹಾರ ತಯಾರಿಸುವವರು ಟಾರೀನ್ ಹೆಚ್ಚಿಸಿದರು. ಅಡುಗೆಮನೆಗೆ ಮಾಂಸ ಬಾರದಿದ್ದರೆ ಬೇಡ, ಪ್ಯಾಕೆಟ್ಟಿನ ಆಹಾರ ಹಿತ್ತಲಲ್ಲಿರಲಿ. ಅದೂ ಆಗದು ಎನ್ನುವ ಮನೆ ಬೆಕ್ಕು ತರುವುದು ಬೇಡ. ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದೇನೆ.

ಈ ಪತ್ರ ಶೆಲ್ಟರ್ ನಡೆಸುವವರ ಕಣ್ಣಿಗೂ ಬಿದ್ದರೆ ಒಂದು ಬೇಡಿಕೆ. ಸಾಸಿವೆಯ ಜೊತೆ ನನಗೆ ಸಿಕ್ಕ ಕಾರ್ಡಿನಲ್ಲಿ ಲಸಿಕೆ ಎಂದು ಪೆನ್ನಿನಲ್ಲಿ ಗುರುತು ಹಾಕಿತ್ತು, ತಾರೀಖಿರಲಿಲ್ಲ, ಬಾಟಲಿಯ ಸ್ಟಿಕರ್ ಇರಲಿಲ್ಲ. “ಒಂದು ವಾರದಲ್ಲಿ ಸೀನಬಹುದು, ಹೆದರಬೇಡಿ, ತಿನ್ನದಿದ್ದರೆ ಮಾತ್ರ ಕೂಡಲೇ ಫೋನು ಮಾಡಿ” ಎಂದು ಯಾರಾದರೂ ಒಂದು ಮಾತು ಹೇಳಿದ್ದರೆ ನನ್ನ ಆ ನಾಲ್ಕು ದಿನ ಬೇರೆಯಾಗುತ್ತಿತ್ತು. ಹಾಗೆ ಹೇಳಿದರೆ ಬೆಕ್ಕು ಒಯ್ಯುವವರು ಹಿಂಜರಿಯುತ್ತಾರೆ ಎಂಬ ನಿಮ್ಮ ಅಳುಕು ನನಗೆ ಅರ್ಥವಾಗುತ್ತದೆ. ಇಕ್ಕಟ್ಟಾದ ಜಾಗ, ಸಾಲದ ಕೈಗಳು, ಬಾಗಿಲಲ್ಲಿ ದಿನಕ್ಕೊಂದು ರಟ್ಟಿನ ಡಬ್ಬಿ ತುಂಬ ಬಿಟ್ಟುಹೋದ ಮರಿಗಳು, ಎಲ್ಲವನ್ನೂ ಭಾನುವಾರಗಳಲ್ಲಿ ನೋಡುತ್ತಿದ್ದೇನೆ. ಆದರೂ ಹೇಳಿ ಕಳಿಸಿ.

ಸಾಸಿವೆಗೆ ಈಗಲೂ ವರ್ಷಕ್ಕೆ ಎರಡು ಸಲ ಸೀನು ಬರುತ್ತದೆ. ಮನೆಗೆ ಸುಣ್ಣಬಣ್ಣ ಆದಾಗ ಒಮ್ಮೆ, ದಸರಾ ರಜೆಗೆ ನಾದಿನಿಯ ಮಕ್ಕಳು ಬಂದಾಗ ಒಮ್ಮೆ. ಎಡಗಣ್ಣು ಒಂದು ವಾರ ತೇವವಾಗಿರುತ್ತದೆ. ಅತ್ತೆ ಹತ್ತಿ ಅದ್ದಿ ಒರೆಸುತ್ತಾರೆ, ಪ್ಯಾಕೆಟ್ ಬೆಚ್ಚಗೆ ಮಾಡುತ್ತಾರೆ, ಅಡುಗೆಮನೆಯ ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಪೆನ್ಸಿಲಿನಿಂದ ಬರೆಯುತ್ತಾರೆ: ಬೆಳಿಗ್ಗೆ ಅರ್ಧ, ಸಂಜೆ ಪೂರ್ತಿ. ತೂಕ ಈಗ 3.9.

ನಿಮ್ಮ ಕ್ಯಾಲೆಂಡರಿನಲ್ಲೂ ಇವತ್ತಿನ ಮನೆ ಖಾಲಿ ಇರಬಹುದು. ಡಾಕ್ಟರು ಫೋನಿನಲ್ಲಿ ಮೊದಲು ಕೇಳುವುದು ಅದನ್ನೇ, ನಿನ್ನೆಯಿಂದ ಎಷ್ಟು ತಿಂದಿದೆ ಎಂದು.

ಇಂತಿ,
ಸಾಸಿವೆಯ ಮನೆಯವಳು